ಹಳೆಯ ಮೋಟಾರ್‌ಹೋಮ್‌ನ ಮಂಕು ಹೆಡ್‌ಲೈಟ್‌ಗಳಿಗೆ ಸಿಲ್ವೇನಿಯಾ ಕಿಟ್

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಲೆನ್ಸಿನ ಹೊರಮೈ ಮಾತ್ರ ಕೆಟ್ಟು, ಒಳಗಿನ ಪ್ರತಿಫಲಕ ಹೊಳಪು ಉಳಿಸಿಕೊಂಡಿದ್ದರೆ ಲೆನ್ಸ್ ಉಜ್ಜಿ ತಿಳಿಗೊಳಿಸುವ ಸಿಲ್ವೇನಿಯಾ ಕಂಪನಿಯ ಈ ಕಿಟ್ ಕೊಳ್ಳಿ. ಪ್ರತಿಫಲಕ ಕಪ್ಪಿಟ್ಟಿದ್ದರೆ ಅಥವಾ ಅದರ ಬೆಳ್ಳಿಬಣ್ಣದ ಲೇಪ ಎದ್ದಿದ್ದರೆ ಕೊಳ್ಳಬೇಡಿ, ಹೊಸ ದೀಪವನ್ನೇ ಹುಡುಕಿ. ಹೊರಗಿನಿಂದ ಎಷ್ಟು ಉಜ್ಜಿದರೂ ಒಳಗೆ ಸತ್ತ ಬೆಳಕು ಎದ್ದು ಬರುವುದಿಲ್ಲ.

ಮಲಗಲು, ಅಡುಗೆ ಮಾಡಲು ಅನುಕೂಲವಿರುವ ನಮ್ಮ ಮೋಟಾರ್‌ಹೋಮ್ ಗಾಡಿಯನ್ನು ಅಣ್ಣನೂ ನಾನೂ ಸೇರಿ ಕೊಂಡದ್ದು. ರಾತ್ರಿ ಓಡಿಸುವ ಸರದಿ ಹೆಚ್ಚಾಗಿ ನನ್ನದೇ. ಲೋ ಬೀಮ್ ಹಾಕಿದರೆ ರಸ್ತೆಯ ಅಂಚಿನ ಬಿಳಿ ಗೆರೆ ಕಾಣದಷ್ಟು ದೀಪಗಳು ಸೊರಗಿದ್ದವು. ಹೈ ಬೀಮ್ ಹಾಕಿದರೆ ಎದುರಿನವರು ಸಿಡುಕುತ್ತಿದ್ದರು. ಮಂಜಾದ ಲೆನ್ಸ್ ಬೆಳಕನ್ನು ಕಡಿಮೆ ಮಾಡುವುದಷ್ಟೇ ಅಲ್ಲ, ಅದನ್ನು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಆದ್ದರಿಂದ ನಮಗೆ ಕತ್ತಲು, ಎದುರಿನವರಿಗೆ ಕಣ್ಣು ಕುಕ್ಕುವ ಪ್ರಭೆ. "ಉಜ್ಜಿದ್ದೆಲ್ಲ ನಾಲ್ಕು ದಿನದ ಚಂದ ಕಣಮ್ಮ, ಹೊಸದನ್ನೇ ಹಾಕಿಸೋಣ" ಎಂದು ಅಣ್ಣ ಪಟ್ಟು ಹಿಡಿದಿದ್ದ. ಅವನ ಮಾತಿನಲ್ಲಿ ಹುರುಳಿತ್ತು, ಅದಕ್ಕೆ ಮುಂದೆ ಬರುತ್ತೇನೆ.

ಮೋಟಾರ್‌ಹೋಮ್‌ಗೆ ಈ ರೋಗ ಕಾರಿಗಿಂತ ಬೇಗ ಅಂಟುತ್ತದೆ. ಓಡಿದ ಕಿಲೋಮೀಟರ್ ಕಡಿಮೆ, ಬಯಲಲ್ಲಿ ನಿಂತ ತಿಂಗಳುಗಳು ಹೆಚ್ಚು. ಲೆನ್ಸ್ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲೇಟಿಗೆ ಗಾಜಿನಂತೆ ಒಡೆಯದು, ಆದರೆ ಬಿಸಿಲಿನ ಅತಿನೇರಳೆ ಕಿರಣ ಅದನ್ನು ಹಳದಿಗಟ್ಟಿಸುತ್ತದೆ. ಅದಕ್ಕೆಂದೇ ಕಾರ್ಖಾನೆಯಲ್ಲಿ ಗಟ್ಟಿಯಾದ ತೆಳು ಲೇಪ ಕೊಟ್ಟಿರುತ್ತಾರೆ. ಆ ಲೇಪ ಸವೆದು ಬಿರಿದ ದಿನದಿಂದ ಕೆಳಗಿನ ಪ್ಲಾಸ್ಟಿಕ್ಕಿಗೆ ರಕ್ಷಣೆ ಇಲ್ಲ. ನಮ್ಮ ಗಾಡಿ ಯಾವಾಗಲೂ ಒಂದೇ ದಿಕ್ಕಿಗೆ ನಿಲ್ಲುತ್ತಿದ್ದುದರಿಂದ ಬಿಸಿಲ ಕಡೆಯ ದೀಪ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಹಳದಿಯಾಗಿತ್ತು. ಇನ್ನೂ ಹಳೆಯ ಗಾಡಿಗಳವರಿಗೆ ಈ ಚಿಂತೆಯೇ ಇಲ್ಲ: ಅವುಗಳದ್ದು ಗಾಜಿನ ಸೀಲ್ಡ್ ಬೀಮ್, ಅಂದರೆ ಬಲ್ಬ್, ಪ್ರತಿಫಲಕ, ಲೆನ್ಸ್ ಎಲ್ಲ ಸೇರಿ ಮುಚ್ಚಿದ ಒಂದೇ ದೀಪ. ಅಮೆರಿಕದಲ್ಲಿ ಬಲ್ಬ್ ಮಾತ್ರ ಬದಲಿಸಬಹುದಾದ ದೀಪಗಳಿಗೆ ಅನುಮತಿ ಸಿಕ್ಕಿದ್ದು 1983ರಲ್ಲಿ, ಪ್ಲಾಸ್ಟಿಕ್ ಲೆನ್ಸ್ ಅಲ್ಲಿ ಹರಡಿದ್ದು ಆಮೇಲೆ.

ಕಿಟ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಲೆನ್ಸಿನ ಮೇಲೆ ನೀರು ಸುರಿಯಿರಿ. ಒದ್ದೆಯಿದ್ದಾಗ ತಿಳಿಯಾಗಿ, ಒಣಗಿದಾಗ ಮತ್ತೆ ಮಂಕಾದರೆ ದೋಷ ಹೊರಮೈಯಲ್ಲಿದೆ, ಉಜ್ಜಿದರೆ ಹೋಗುತ್ತದೆ. ಒದ್ದೆಯಲ್ಲೂ ಮಂಕಾಗಿಯೇ ಉಳಿದರೆ ಬಿರುಕು ಆಳಕ್ಕಿಳಿದಿದೆ ಅಥವಾ ಮಂಕು ಒಳಬದಿಯಲ್ಲಿದೆ. ಒಳಗೆ ನೀರಹನಿ ಕಟ್ಟುವುದು ಬೇರೆಯೇ ಕಾಯಿಲೆ. ಅದು ಸೀಲ್ ಅಥವಾ ಗಾಳಿಕಿಂಡಿಯ ತೊಂದರೆ.

ಇನ್ನು ಕಿಟ್‌ಗೆ ಬರೋಣ. 400, 1000, 2000 ಗ್ರಿಟ್‌ನ ಉಪ್ಪುಕಾಗದಗಳು (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ), ಮೇಲ್ಮೈ ಸಿದ್ಧಪಡಿಸುವ ದ್ರವ, ಪಾಲಿಶ್, ಕೊನೆಗೆ ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲೇಪ. ಎಲ್ಲವೂ ಕೈಕೆಲಸ, ಡ್ರಿಲ್ ಬೇಡ. ಡ್ರಿಲ್ಲಿಗೆ ಡಿಸ್ಕ್ ಸಿಕ್ಕಿಸುವ ಕಿಟ್‌ಗಳು ಬೇಗ ಮುಗಿಸುತ್ತವೆ, ನಿಜ. ಆದರೆ ಒಂದೇ ಕಡೆ ಡಿಸ್ಕ್ ನಿಂತರೆ ಪ್ಲಾಸ್ಟಿಕ್ ಕಾದು ಕೆಡುತ್ತದೆ. ಕೈಗೆ ಆ ಅಪಾಯವಿಲ್ಲ, ಭುಜನೋವು ಮಾತ್ರ.

ಮೊದಲು ದೀಪದ ಸುತ್ತ ಟೇಪ್ ಅಂಟಿಸಬೇಕು. ಇದನ್ನು ಅವಸರದಲ್ಲಿ ಮುಗಿಸಬೇಡಿ. ಮೋಟಾರ್‌ಹೋಮ್‌ನ ಮುಖ ಹೆಚ್ಚಾಗಿ ಫೈಬರ್‌ಗ್ಲಾಸ್, ಅದರ ಮೇಲಿನ ಜೆಲ್‌ಕೋಟ್ ಎಂಬ ಹೊಳಪಿನ ಹೊರಪದರಕ್ಕೆ 400ರ ಕಾಗದ ಒಮ್ಮೆ ತಗುಲಿದರೂ ಗೀರು ಬೀಳುತ್ತದೆ. ನಾನು ಟೇಪನ್ನು ಎರಡು ಪದರ ಹಾಕಿದೆ.

400ರ ಕಾಗದವನ್ನು ನೀರು ಹಾಕುತ್ತಲೇ ಓಡಿಸಬೇಕು. ಮೊದಮೊದಲು ಹಳದಿ ಹಾಲಿನಂಥ ನೀರು ಇಳಿಯುತ್ತದೆ, ಅದೇ ಕೊಳೆತ ಲೇಪ. ನೀರು ಪೂರ್ತಿ ಬೆಳ್ಳಗಾಗುವವರೆಗೆ ಉಜ್ಜಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಘಟ್ಟ ಇದು, ಅತಿ ಹೆಚ್ಚು ಜನ ಕೈಬಿಡುವ ಘಟ್ಟವೂ ಇದೇ, ಏಕೆಂದರೆ ಈಗ ದೀಪ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಹೆದರಬೇಡಿ. ಹಳೆಯ ಲೇಪದ ತುಣುಕು ಎಲ್ಲಾದರೂ ಉಳಿದರೆ ಕೊನೆಯಲ್ಲಿ ನಕಾಶೆಯ ಗಡಿಗಳಂತೆ ಎದ್ದು ಕಾಣುವುದು ಅದೇ. 400ರಲ್ಲಿ ಅಡ್ಡಡ್ಡ ಉಜ್ಜಿದರೆ 1000ದಲ್ಲಿ ಉದ್ದುದ್ದ ಉಜ್ಜಿ, 2000ದಲ್ಲಿ ಮತ್ತೆ ಅಡ್ಡಡ್ಡ. ಹಿಂದಿನ ಗೀರು ಉಳಿದಿದೆಯೋ ಇಲ್ಲವೋ ಎಂಬುದು ತಾನಾಗಿ ತಿಳಿಯುತ್ತದೆ. ಪಾಲಿಶ್ ಹಚ್ಚಿದಾಗ ಲೆನ್ಸ್ ತಿಳಿಯಾಗಿ, ಒಳಗಿನ ಬಲ್ಬ್ ಕಂಡಿತು. ಅಣ್ಣ ಕೂಡ ಬಗ್ಗಿ ನೋಡಿ ಮಾತಿಲ್ಲದೆ ನಿಂತ.

ಇಲ್ಲಿಗೇ ನಿಲ್ಲಿಸಿದರೆ ಅಣ್ಣನ ಮಾತೇ ನಿಜವಾಗುತ್ತದೆ. ಕಾರ್ಖಾನೆಯ ಲೇಪವನ್ನು ನಾವೇ ಉಜ್ಜಿ ತೆಗೆದಿದ್ದೇವೆ. ಪ್ಲಾಸ್ಟಿಕ್ ಈಗ ಬೆತ್ತಲೆ. ಹಾಗೆಯೇ ಬಿಟ್ಟರೆ ಬಿಸಿಲು ಕೆಲವೇ ತಿಂಗಳಲ್ಲಿ ಮತ್ತೆ ಹಳದಿ ಹಚ್ಚುತ್ತದೆ. ಟೂತ್‌ಪೇಸ್ಟ್ ಚಿಕಿತ್ಸೆಯೂ, ಒರೆಸಿದ ಕೂಡಲೇ ಹೊಳೆಯುವ ದ್ರವಗಳೂ ಸೋಲುವುದು ಇಲ್ಲಿಯೇ. ಸೊಳ್ಳೆ ನಿವಾರಕ ಸಿಂಪಡಿಸಿ ಒರೆಸುವ ವಿಡಿಯೊಗಳನ್ನಂತೂ ನಂಬಲೇಬೇಡಿ: ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತದೆ, ಆ ಹೊಳಪು ಕರಗಿದ ಪ್ಲಾಸ್ಟಿಕ್ಕಿನದು.

ಹಾಗಾಗಿ ನಾನು ಈ ಕಿಟ್‌ಗೆ ಅಂಕ ಕೊಡುವುದು ಅದರ ಕೊನೆಯ ಪುಟ್ಟ ಸೀಸೆಗಾಗಿ. ಲೇಪ ಹಚ್ಚುವಾಗ ನೆರಳಿರಬೇಕು, ಗಾಳಿ ಧೂಳು ಇರಬಾರದು, ಲೆನ್ಸ್ ಪೂರ್ತಿ ಒಣಗಿರಬೇಕು. ಬಟ್ಟೆಯನ್ನು ಒಂದೇ ದಿಕ್ಕಿಗೆ, ನಿಲ್ಲಿಸದೆ ಎಳೆಯಬೇಕು. ಒಮ್ಮೆ ಹಚ್ಚಿದ ಜಾಗಕ್ಕೆ ಮತ್ತೆ ಬಟ್ಟೆ ತಾಗಿಸಿದರೆ ಗೆರೆ ಮೂಡುತ್ತದೆ. ಕಾರಿನ ದೀಪಕ್ಕೆ ಎರಡು ಎಳೆತ ಸಾಕಾಗುವಲ್ಲಿ ನಮ್ಮ ಅಗಲದ ದೀಪಕ್ಕೆ ಹೆಚ್ಚು ಬೇಕು, ಆದ್ದರಿಂದ ಬಟ್ಟೆಯನ್ನು ಚೆನ್ನಾಗಿ ನೆನೆಸಿಕೊಂಡೇ ಶುರುಮಾಡಿ. ದೀಪಗಳು ತೀರಾ ದೊಡ್ಡದಾಗಿದ್ದರೆ ಜೋಡಿಗೆ ಎರಡು ಕಿಟ್ ಇಟ್ಟುಕೊಳ್ಳುವುದು ಮೇಲು. ನಾವು ಒಂದಿಡೀ ದಿನ ಗಾಡಿಗೆ ನೀರು ತಾಗಿಸಲಿಲ್ಲ.

ಫಲಿತಾಂಶವನ್ನು ಹಗಲಲ್ಲಿ ನೋಡಿ ತೀರ್ಮಾನಿಸಬೇಡಿ. ಕೆಲಸಕ್ಕೆ ಮುನ್ನ ರಾತ್ರಿ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ, ಚಕ್ರ ನಿಂತ ಜಾಗ ಗುರುತು ಮಾಡಿ, ಫೋನ್ ಕ್ಯಾಮರಾದ ಬೆಳಕಿನ ಪ್ರಮಾಣವನ್ನು ಒಂದೇ ಮಟ್ಟಕ್ಕೆ ಬಿಗಿದು ಚಿತ್ರ ತೆಗೆದಿದ್ದೆ. ಕೆಲಸದ ನಂತರವೂ ಅದೇ ಜಾಗ, ಅದೇ ಮಟ್ಟ. ಮೊದಲ ಚಿತ್ರದಲ್ಲಿ ಗೋಡೆ ತುಂಬ ಕೆಸರು ಬಣ್ಣದ ಮಬ್ಬು. ಎರಡನೆಯದರಲ್ಲಿ ಬೆಳಕಿಗೂ ಕತ್ತಲೆಗೂ ನಡುವಿನ ಗಡಿಗೆರೆ ಕಾಣುತ್ತಿತ್ತು. ನನಗೆ ಬೇಕಿದ್ದದ್ದು ಆ ಗೆರೆ. ರಸ್ತೆಯಲ್ಲೂ ಅಂಚಿನ ಬಿಳಿ ಗೆರೆ ಮತ್ತೆ ಕಾಣತೊಡಗಿತು.

ಆದರೂ ಹೊಸ ದೀಪಕ್ಕೆ ಇದು ಸಮವಲ್ಲ. ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹಾಳಾದ ದೀಪಗಳು ಲೋ ಬೀಮ್‌ನಲ್ಲಿ ಹೊಸದರ ಶೇ. 22ರಷ್ಟು ಬೆಳಕನ್ನಷ್ಟೇ ಕೊಟ್ಟವು. ಉಜ್ಜಿ ಸರಿಪಡಿಸಿದ ಮೇಲೆ ಅದು ಸುಮಾರು ಶೇ. 70ಕ್ಕೆ ಏರಿತು. ವಾಹನ ತಯಾರಕರದ್ದೇ ಆದ ಹೊಸ ದೀಪ ಬೆಳಕನ್ನು ಪೂರ್ತಿ ಮರಳಿಸಿದರೆ, ಬೇರೆ ತಯಾರಕರ ಬದಲಿ ದೀಪಗಳು ಶೇ. 83ರಿಂದ 90ರವರೆಗೆ ಕೊಟ್ಟವು. ಅಣ್ಣನ ವಾದಕ್ಕೆ ಬಲ ಇರುವುದು ಈ ಅಂಕಿಗಳಲ್ಲಿ. ನನ್ನ ಉತ್ತರ: 22ರಿಂದ 70ಕ್ಕೆ ಹೋಗುವ ದೂರ ದೊಡ್ಡದು, ಮತ್ತು ಮೋಟಾರ್‌ಹೋಮ್‌ಗೆ ಹೊಸ ದೀಪ ಅಂಗಡಿಗೆ ಹೋದ ಕೂಡಲೇ ಸಿಗುವಂಥದ್ದಲ್ಲ. ಗಾಡಿ ಕಟ್ಟಿದವರು ಎಷ್ಟೋ ಸಲ ಯಾವುದೋ ಕಾರಿನ ಅಥವಾ ವ್ಯಾನಿನ ದೀಪವನ್ನು ತಂದು ಕೂರಿಸಿರುತ್ತಾರೆ. ಗಾಡಿಯ ಹೆಸರು ಹೇಳಿ ಹುಡುಕಿದರೆ ಏನೂ ಸಿಗದು; ದೀಪವನ್ನು ಬಿಚ್ಚಿ ಅದರ ಬೆನ್ನ ಮೇಲೆ ಅಚ್ಚಾದ ಸಂಖ್ಯೆಯಿಂದ ಹುಡುಕಬೇಕು. ಸಿಕ್ಕರೂ ಅದು ರಸ್ತೆಯ ಎಡಬದಿ ಸಂಚಾರಕ್ಕೋ ಬಲಬದಿಗೋ ಎಂದು ನೋಡಿಯೇ ಕೊಳ್ಳಿ. ತಪ್ಪು ಬದಿಯದಾದರೆ ಬೆಳಕು ನೇರವಾಗಿ ಎದುರಿನವರ ಕಣ್ಣಿಗೆ ಏರುತ್ತದೆ.

ಕಿಟ್‌ಗೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಉಜ್ಜಿದ ಮೇಲೂ ದೀಪ ಹಳದಿಗೆಂಪಾಗಿ ಮಂಕಾಗಿಯೇ ಉರಿದರೆ ಬಲ್ಬಿನ ಬಳಿ ವೋಲ್ಟೇಜ್ ಅಳೆಯಿರಿ. ಹಳೆಯ ತಂತಿ, ತುಕ್ಕು ಹಿಡಿದ ಅರ್ಥಿಂಗ್ ಜೋಡಣೆಗಳಿಂದ ವೋಲ್ಟೇಜ್ ಶೇ. 10ರಷ್ಟು ಕುಸಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು ಶೇ. 30ರಷ್ಟು ಕುಸಿಯುತ್ತದೆ. ಹ್ಯಾಲೊಜೆನ್‌ಗೆಂದು ಮಾಡಿದ ದೀಪಕ್ಕೆ ಎಲ್‌ಇಡಿ ಬಲ್ಬ್ ತುರುಕಿ ಇದನ್ನು ಸರಿದೂಗಿಸಲು ಹೋಗಬೇಡಿ. ಪ್ರತಿಫಲಕದ ಲೆಕ್ಕವೇ ತಪ್ಪಿ ಬೆಳಕು ಚದುರುತ್ತದೆ.

ಐದರಲ್ಲಿ ನಾಲ್ಕು ಅಂಕ. ಒಂದನ್ನು ಕಳೆದದ್ದು ಕಿಟ್‌ನ ದೋಷಕ್ಕಲ್ಲ, ಯಾವ ಕಿಟ್ಟೂ ದಾಟಲಾರದ ಮಿತಿಗೆ: ಕೈಯಿಂದ ಹಚ್ಚಿದ ಲೇಪ ಕಾರ್ಖಾನೆಯದರಷ್ಟು ಬಾಳುವುದಿಲ್ಲ. ನಿಂತಿರುವಾಗ ದೀಪಗಳಿಗೆ ಬಟ್ಟೆಯ ಮುಸುಕು ಹಾಕುತ್ತಿದ್ದೇವೆ, ಅಣ್ಣ ಮೂಲ ದೀಪದ ಸಂಖ್ಯೆ ಬರೆದಿಟ್ಟುಕೊಂಡು ಹುಡುಕಾಟ ಮುಂದುವರಿಸಿದ್ದಾನೆ. ಹೊಸದು ಸಿಕ್ಕಿ ಜೋಡಿಸಿದರೆ, ನೀರಿನ ಟ್ಯಾಂಕ್ ತುಂಬಿಸಿ, ಸಾಮಾನು ಏರಿಸಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿಯೇ ಬೆಳಕಿನ ಎತ್ತರ ಹೊಂದಿಸಬೇಕು. ಹಿಂಭಾಗ ಭಾರಕ್ಕೆ ಕುಗ್ಗಿದಾಗ ಮುಂದಿನ ಬೆಳಕು ಮೇಲಕ್ಕೇಳುತ್ತದೆ. ಖಾಲಿ ಗಾಡಿಯಲ್ಲಿ ಹೊಂದಿಸಿದ ಎತ್ತರ ಪ್ರಯಾಣಕ್ಕೆ ಹೊರಟ ಗಾಡಿಗೆ ಹೊಂದುವುದಿಲ್ಲ.