ಕೀವಾ: ಸಾಲ ಕೊಡುವ ಮುನ್ನ ಕಂತಿನ ಲೆಕ್ಕ ನೋಡಿ

ಬಡ ದೇಶಗಳ ಸಣ್ಣ ವ್ಯಾಪಾರಿಗಳಿಗೆ ದಾನದ ಬದಲು ಸಾಲ ಕೊಡಿಸುವ ಕೀವಾ ತಾಣವನ್ನು ನಾನು ಅಮೆರಿಕದಲ್ಲಿದ್ದುಕೊಂಡು ವರ್ಷಗಳಿಂದ ಬಳಸುತ್ತಿದ್ದೇನೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಸಂಸ್ಥೆ ಇದು. 25 ಡಾಲರ್ ಇದ್ದರೆ ಸಾಕು, ಕೀನ್ಯಾದ ರೈತನಿಗೋ ಪೆರುವಿನಲ್ಲಿ ಅಂಗಡಿ ಇಟ್ಟವಳಿಗೋ ನಿಮ್ಮ ಪಾಲು ಸೇರಿಸಬಹುದು. ಅವರು ಕಂತು ಕಟ್ಟಿದಂತೆಲ್ಲ ಹಣ ನಿಮ್ಮ ಖಾತೆಗೆ ಮರಳುತ್ತದೆ. ಅದನ್ನೇ ಮತ್ತೊಬ್ಬರಿಗೆ ಕೊಡಬಹುದು, ಬೇಡವಾದರೆ ಹಿಂದಕ್ಕೆ ಪಡೆಯಬಹುದು. ಸಾಲ ಮುಳುಗಿದರೆ ನಷ್ಟ ನಿಮ್ಮದೇ. ತಾಣದ ಬಳಕೆ ಸಲೀಸು, ಆ ಬಗ್ಗೆ ದೂರಿಲ್ಲ.

ಹೊಸಬರು ತಿಳಿಯಲೇಬೇಕಾದದ್ದು ಬಡ್ಡಿಯ ಸಂಗತಿ. ನಮಗೆ ಬಡ್ಡಿ ಬರುವುದಿಲ್ಲ, ನಿಜ. ಆದರೆ ಬಹುಪಾಲು ಸಾಲಗಾರರು ಬಡ್ಡಿ ಕಟ್ಟುತ್ತಾರೆ. ನಡುವೆ ಇರುವ ಸ್ಥಳೀಯ ಕಿರುಸಾಲ ಸಂಸ್ಥೆ ತನ್ನ ಖರ್ಚು ಸೇರಿಸಿ ಅದನ್ನು ವಸೂಲು ಮಾಡುತ್ತದೆ. ಕೆಲವೆಡೆ ದರ ವರ್ಷಕ್ಕೆ ಶೇ 30 ದಾಟುತ್ತದೆ. ಎಷ್ಟೋ ಸಾಲಗಳಲ್ಲಿ ಸಾಲಗಾರರ ಭಾವಚಿತ್ರ ತಾಣಕ್ಕೆ ಏರುವ ಮೊದಲೇ ಹಣ ಅವರ ಕೈ ಸೇರಿರುತ್ತದೆ, ನಮ್ಮ ಡಾಲರ್ ಆ ಸಂಸ್ಥೆಯ ಗಲ್ಲಾ ತುಂಬುತ್ತದೆ. 2009ರಲ್ಲಿ ಸಂಶೋಧಕ ಡೇವಿಡ್ ರೂಡ್‌ಮನ್ ಇದನ್ನು ಬಿಡಿಸಿ ಬರೆದ ಮೇಲೆ ಕೀವಾ ತನ್ನ ವಿವರಣೆಯನ್ನು ತಿದ್ದಿಕೊಂಡಿತು.

ಹಾಗಾಗಿ ಮುಖ ನೋಡಿ ಮಣೆ ಹಾಕಬೇಡಿ. ಸಾಲದ ಪುಟದಲ್ಲಿ ಮಧ್ಯವರ್ತಿ ಸಂಸ್ಥೆಯ ಹೆಸರು, ಬಡ್ಡಿ ಮತ್ತು ಶುಲ್ಕದ ಸರಾಸರಿ, ಮರುಪಾವತಿಯ ಕ್ರಮ ಇರುತ್ತವೆ. ನಾನು ಮೊದಲು ಓದುವುದು ಅದನ್ನೇ. ಕೀನ್ಯಾದ ಒನ್ ಏಕರ್ ಫಂಡ್ ಎಂಬ ಮಧ್ಯವರ್ತಿ ಸಂಸ್ಥೆ ನನಗೆ ಮೆಚ್ಚುಗೆಯಾದದ್ದು ಹಾಗೆ ಓದಿದಾಗಲೇ. ಅದು ರೈತರ ಕೈಗೆ ನೋಟು ಎಣಿಸುವುದಿಲ್ಲ. ಬಿತ್ತನೆಗೆ ಮುಂಚೆ ಮೆಕ್ಕೆಜೋಳದ ಬೀಜವನ್ನೂ ಗೊಬ್ಬರವನ್ನೂ ಊರ ಹತ್ತಿರಕ್ಕೇ ತಲುಪಿಸುತ್ತದೆ. ವಾರದ ಕಂತಿನ ಕಟ್ಟಳೆಯೂ ಇಲ್ಲ. ಕೈಯಲ್ಲಿ ಕಾಸಾಡಿದಾಗ ಆದಷ್ಟು ಕಟ್ಟಿ, ಗಡುವಿನೊಳಗೆ ತೀರಿಸಿದರಾಯಿತು. ಬೇಸಾಯದವರಿಗೆ ಇದು ದೊಡ್ಡ ಮಾತು. ಪೈರು ಇನ್ನೂ ಮೊಣಕಾಲೆತ್ತರ ಇರುವಾಗ ಪ್ರತಿವಾರ ಕಂತು ಕೇಳಿದರೆ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತಬೇಕಾಗುತ್ತದೆ. ನಮ್ಮ ಕರ್ನಾಟಕದಲ್ಲೇ ಕಿರುಸಾಲ ವಸೂಲಿಯ ಕಿರುಕುಳ ಮಿತಿಮೀರಿ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಾಲದಿಂದ ಉದ್ಯಮ ಬೆಳೆಯುತ್ತದೆ ಎಂದು ಭಾಷಣ ಮಾಡುವವರು ಕಂತಿನ ದಿನವನ್ನೂ ಫಸಲಿನ ದಿನವನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

ಭಾರತದಲ್ಲಿರುವವರಿಗೆ ಬೆಂಗಳೂರಿನ ರಂಗ್ ದೇ ಇದೆ. 2008ರಲ್ಲಿ ಶುರುವಾದ ಅದೂ ಇದೇ ದಾರಿಯದು. ಅಲ್ಲಿಯೂ ಸಾಲಗಾರರು ಕಟ್ಟುವ ದರ ನೋಡಿಯೇ ಹಣ ಹಾಕಿ.

ಕೀವಾಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಬಡ್ಡಿ ದರವನ್ನು ಭಾವಚಿತ್ರದ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಹಾಕಿದ ದಿನ ಇನ್ನೊಂದು ಅಂಕ ಸೇರಿಸುತ್ತೇನೆ.