ಛತ್ರದ ಟಿವಿನ ಅಂಗಡೀಲಿ ಕೂತು ಓಡಿಸೋಕೆ ಹೋಗಿ ಮಾನ ಕಳ್ಕೊಂಡೆ, ನೀವು ಮಾಡ್ಬೇಡಿ

ಛತ್ರ, ಆಸ್ಪತ್ರೆ, ಸೊಸೈಟಿ, ಹೋಟ್ಲು ಅಂತ ಎಲ್ಲಾದ್ರೂ ಗೋಡೆಗೆ ಟಿವಿ ಹಾಕಿ ಸ್ಲೈಡ್ ಶೋ ಓಡಿಸೋ ಕೆಲ್ಸ ಒಪ್ಕೊಂಡಿದ್ರೆ, ಅದ್ರಲ್ಲೂ "ನೀವೇನೂ ಮುಟ್ಬೇಡಿ ಸಾರ್ ಎಲ್ಲಾ ನಾನು ಅಲ್ಲಿಂದ್ಲೇ ಕಂಟ್ರೋಲ್ ಮಾಡ್ತೀನಿ" ಅಂತ ಜಂಬದಲ್ಲಿ ಹೇಳಿಬಿಟ್ಟಿದ್ರೆ, ಅಡ್ವಾನ್ಸ್ ಇಸ್ಕೊಳೋಕ್ ಮುಂಚೆ ಇದನ್ನ ಓದಿ. ನಾನು ಹಂಗೇ ಹೇಳಿ 12 ಸಾವಿರಕ್ಕೆ ಒಪ್ಕೊಂಡು ಕೊನೆಗೆ 4 ಸಾವಿರ ವಾಪಸ್ ಕೊಟ್ಟು, ಗುರುತು ಪರಿಚಯ ಇಲ್ದಿರೋ ಬೀಗರ ಹತ್ರ ಎಲ್ಲಾ ಬೈಸ್ಕೊಂಡು ಬಂದೋನು.

ನಂದು ಹಾಸನದ ಕಡೆ ಒಂದು ತಾಲ್ಲೂಕು ಊರಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ. ಜೆರಾಕ್ಸು, ಲಗ್ನಪತ್ರಿಕೆ ಡಿಸೈನು, ಪ್ರಿಂಟರ್ ರಿಪೇರಿ ಇಂಥವೇ. ಅಂಗಡಿಯಿಂದ ಮೂರು ಕಿಲೋಮೀಟರ್ ದೂರದಲ್ಲಿ ಒಂದು ಛತ್ರ ಇದೆ, ಹೆಸರು ಹೇಳಲ್ಲ, ಮ್ಯಾನೇಜರ್ ಒಳ್ಳೇ ಮನುಷ್ಯ. ಅವ್ರು ಬಾಗಿಲಲ್ಲಿ ಒಂದು 55 ಇಂಚಿನ ಟಿವಿ, ಊಟದ ಹಾಲಲ್ಲಿ ಇನ್ನೊಂದು ಹಾಕ್ಸಿದ್ರು, ಗಂಡು ಹೆಣ್ಣಿನ ಹೆಸ್ರು, ಫೋಟೋ, ಸುಸ್ವಾಗತ, ಎಡಕ್ಕೆ ಊಟ ಬಲಕ್ಕೆ ಕೈತೊಳೆಯೋ ಜಾಗ ಇಷ್ಟೇ ಬರ್ಬೇಕಿದ್ದಿದ್ದು. ಒಂದು ಹಳೇ ಡೆಸ್ಕ್‌ಟಾಪು, ವಿಂಡೋಸ್ 10 ಪ್ರೋ, ಪವರ್‌ಪಾಯಿಂಟು, ಒಂದು ಎಚ್‌ಡಿಎಂಐ ಸ್ಪ್ಲಿಟರ್ ಇಟ್ಟು ಎರಡೂ ಟಿವಿಗೆ ಒಂದೇ ಚಿತ್ರ. ಕಂಪ್ಯೂಟರ್ ಯಾರ ಕೈಗೂ ಸಿಗ್ಬಾರ್ದು ಅಂತ ಬಾಗಿಲ ಮೇಲಿನ ಅಟ್ಟದಲ್ಲಿ ಇಟ್ವಿ, ಏಣಿ ಇಲ್ದೆ ಹತ್ತಕ್ಕಾಗಲ್ಲ, ಕೀಬೋರ್ಡು ಮೌಸು ಏನೂ ಇಲ್ಲ. ಯಾರ ಕೈಗೂ ಸಿಗ್ಬಾರ್ದು ಅಂತ ಇಟ್ಟಿದ್ದು ಬೇಕಾದಾಗ ನನ್ನ ಕೈಗೂ ಸಿಗಲಿಲ್ಲ, ಅದು ಆಮೇಲೆ.

ಸೆಟಪ್ ಮಾಡಿದ್ದು ಆಷಾಢದಲ್ಲಿ. ಆಷಾಢದಲ್ಲಿ ಮದ್ವೆ ಇರಲ್ಲ, ಛತ್ರ ಖಾಲಿ, ನಾನು ವಾಚ್‌ಮನ್ನು ಇಬ್ರೇ. ಏಣಿ ಹತ್ತಿ ಕೀಬೋರ್ಡ್ ಚುಚ್ಚಿ ಶೋ ಶುರು ಮಾಡಿ ಕೆಳಗಿಳಿದು ನೋಡಿದೆ, ಬೊಂಬಾಟ್. ಆಮೇಲೆ ಆಫೀಸ್ ರೂಮಲ್ಲಿ ಕೂತು ನೆಟ್‌ವರ್ಕಲ್ಲಿ ರಿಮೋಟ್ ಡೆಸ್ಕ್‌ಟಾಪ್ (ಒಂದು ಕಂಪ್ಯೂಟರಿಂದ ಇನ್ನೊಂದನ್ನ ಓಡಿಸೋಕೆ ವಿಂಡೋಸಲ್ಲೇ ಇರೋ ವ್ಯವಸ್ಥೆ) ಕನೆಕ್ಟ್ ಮಾಡಿ ನೋಡಿದೆ, ಅದೂ ಬೊಂಬಾಟ್. ಆದ್ರೆ ಆಫೀಸ್ ರೂಮಿಂದ ಟಿವಿ ಕಾಣಲ್ಲ! ಎರಡನ್ನೂ ಒಟ್ಟಿಗೆ ನಾನು ನೋಡ್ಲೇ ಇಲ್ಲ.

ಶ್ರಾವಣದ ಮೊದಲ್ನೇ ಮದ್ವೆ. ಅಂಗಡೀಲಿ ಕೂತೆ, ಒಂದು ಫ್ರೀ ರಿಮೋಟ್ ಸಾಫ್ಟ್‌ವೇರಲ್ಲಿ ಛತ್ರದ ಆಫೀಸ್ ಕಂಪ್ಯೂಟರಿಗೆ ಹೋದೆ, ಅಲ್ಲಿಂದ ರಿಮೋಟ್ ಡೆಸ್ಕ್‌ಟಾಪಲ್ಲಿ ಅಟ್ಟದ ಕಂಪ್ಯೂಟರಿಗೆ ಹೋದೆ, ಪಿಪಿಟಿ, ಅಂದ್ರೆ ಪವರ್‌ಪಾಯಿಂಟ್ ಫೈಲು, ತೆಗೆದು ಶೋ ಶುರು ಮಾಡೋ ಎಫ್5 ಒತ್ತಿದೆ, ಗಂಡು ಹೆಣ್ಣು ನಗ್ತಾ ಬಂದ್ರು, ಟೀ ತರಿಸ್ದೆ. ಮ್ಯಾನೇಜರ್ ಫೋನು, "ಏನಪ್ಪಾ ಏನೂ ಬರ್ತಿಲ್ವಲ್ಲ". ಬರ್ತಿದೆ ಸಾರ್ ನಂಗೆ ಇಲ್ಲಿ ಕಾಣ್ತಿದೆ ಅಂದೆ. "ನಿಂಗ್ ಕಂಡ್ರೆ ಆಯ್ತಾ, ಇಲ್ಲಿ ಯಾವ್ದೋ ಬೆಟ್ಟದ ಫೋಟೋ ಬಂದು ಗಂಟೆ ಎಷ್ಟು ಅಂತ ತೋರಿಸ್ತಿದೆ." ಅರ್ಧ ಗಂಟೆ ನಾನು ಬರ್ತಿದೆ ಅಂತ, ಅವ್ರು ಬರ್ತಿಲ್ಲ ಅಂತ. ಇಬ್ರು ಹೇಳಿದ್ದೂ ನಿಜಾನೇ. ಈ ವಿಂಡೋಸಲ್ಲಿ ರಿಮೋಟ್ ಡೆಸ್ಕ್‌ಟಾಪಿಂದ ಒಳಗೆ ಹೋದ ತಕ್ಷಣ ಎದುರಿಗಿರೋ ಅಸಲಿ ಸ್ಕ್ರೀನ್ ಲಾಕ್ ಆಗುತ್ತೆ, ಶೋ ನಿಮಗೆ ಮಾತ್ರ ಕಾಣುತ್ತೆ, ನೀವು ಕ್ಲೋಸ್ ಮಾಡಿ ಹೊರಗೆ ಬಂದ್ರೂ ಅಲ್ಲಿ ಲಾಕ್ ಹಂಗೇ ಇರುತ್ತೆ. ಅದು ತಪ್ಪೇನಲ್ಲ, ಮಾಡಿರೋದೇ ಹಂಗೆ, ಆಫೀಸಲ್ಲಿ ನಿಮ್ ಟೇಬಲ್ ಮೇಲಿನ ಮಾನಿಟರಲ್ಲಿ ನಿಮ್ ಕೆಲ್ಸ ಬೇರೆಯೋರು ನೋಡ್ಬಾರ್ದು ಅಂತ. ನಮಗೆ ಬೇಕಿದ್ದಿದ್ದು ಇದರ ಉಲ್ಟಾ. ಟಿಎಸ್‌ಕಾನ್ ಅಂತ ಒಂದು ಕಮಾಂಡ್ ಇದೆ, ಅಡ್ಮಿನ್ ಆಗಿ ಕೊಟ್ರೆ ನಮ್ಮನ್ನ ಹೊರಗೆ ಹಾಕಿ ಆ ಸೆಷನ್ನ ಲಾಕ್ ಇಲ್ದೆ ವಾಪಸ್ ಅಸಲಿ ಸ್ಕ್ರೀನಿಗೆ ಕೊಡುತ್ತೆ, ಅದ್ರಲ್ಲಿ ಎರಡು ಮದ್ವೆ ಕಳೆದೆ, ಮೂರನೇದ್ರಲ್ಲಿ ಆ ಕಮಾಂಡ್ ಕೊಡೋದು ಮರೆತು ಅಭ್ಯಾಸಬಲದಲ್ಲಿ ಕ್ಲೋಸ್ ಒತ್ತಿಬಿಟ್ಟೆ, ಮತ್ತೆ ಬೆಟ್ಟದ ಫೋಟೋ.

(ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಈ ಎರಡು ಮೆಟ್ಲು ಹತ್ತೋ ಕಷ್ಟ ಯಾಕೆ ಅಂತ ನಾನು ಮೊದ್ಲು ರೂಟರಲ್ಲಿ 3389 ಪೋರ್ಟ್, ಅಂದ್ರೆ ರಿಮೋಟ್ ಡೆಸ್ಕ್‌ಟಾಪ್ ಬರೋ ಬಾಗಿಲು, ಓಪನ್ ಮಾಡಿ ಸೀದಾ ಹೋಗೋಕ್ ನೋಡಿದ್ದೆ, ಆಗ್ಲಿಲ್ಲ. ಅಲ್ಲಿನ ಇಂಟರ್ನೆಟ್ ಕೊಡೋರು ಸುಮಾರು ಮನೆಗಳಿಗೆ ಒಂದೇ ಹೊರಗಿನ ಐಪಿ, ಅಂದ್ರೆ ನೆಟ್‌ವರ್ಕ್ ವಿಳಾಸ, ಹಂಚಿರ್ತಾರೆ, ನಿಮ್ ರೂಟರಿಗೆ ಇಂಟರ್ನೆಟ್ ಕಡೆಯಿಂದ ಸಿಕ್ಕಿರೋ ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾಗ್ತಿದ್ರೆ ಹಂಗೇ ಅಂತ ತಿಳ್ಕೊಳ್ಳಿ, ಪೋರ್ಟ್ ಓಪನ್ ಮಾಡಿದ್ರೂ ಹೊರಗಿಂದ ಯಾರೂ ಬರಕ್ಕಾಗಲ್ಲ. ಆವಾಗ ಬೈಕೊಂಡೆ, ಈಗ ಪುಣ್ಯ ಅನ್ಸುತ್ತೆ. 2019ರ ಮೇ ತಿಂಗಳಲ್ಲಿ ಇದೇ ರಿಮೋಟ್ ಡೆಸ್ಕ್‌ಟಾಪಲ್ಲಿ ಪಾಸ್‌ವರ್ಡೇ ಇಲ್ದೆ ಒಳಗೆ ನುಗ್ಗೋ ಅಂಥ ತೂತು ಸಿಕ್ಕಿತ್ತು, ಬ್ಲೂಕೀಪ್ ಅಂತ, ವಿಂಡೋಸ್ 10ಕ್ಕೆ ಅದು ತಟ್ಟಲಿಲ್ಲ ಆದ್ರೆ ವಿಂಡೋಸ್ 7ಕ್ಕೆ ತಟ್ತು, ಸಪೋರ್ಟ್ ನಿಲ್ಲಿಸಿ ವರ್ಷಗಳಾಗಿದ್ದ ಎಕ್ಸ್‌ಪಿಗೂ ಕೂಡ ಮೈಕ್ರೋಸಾಫ್ಟ್ ಕೂತು ಪ್ಯಾಚ್ ಕೊಟ್ಟಿತ್ತು ಅಂದ್ರೆ ಲೆಕ್ಕ ಹಾಕಿ. ಟಿವಿ ಓಡಿಸೋ ಕಂಪ್ಯೂಟರನ್ನ ಊರಿಗೆಲ್ಲಾ ಬಾಗಿಲು ತೆಗೆದು ಇಡ್ಬೇಡಿ.)

ಬೆಟ್ಟದ ಫೋಟೋ ಸಾಕಾಗಿ ವಿಎನ್‌ಸಿಗೆ ಬಂದೆ, ಅದೂ ದೂರದಿಂದ ಕಂಪ್ಯೂಟರ್ ಓಡಿಸೋ ಇನ್ನೊಂದು ಸಾಫ್ಟ್‌ವೇರು. ಇದ್ರಲ್ಲಿ ಲಾಕ್ ಸಮಸ್ಯೆ ಇಲ್ಲ, ಟಿವೀಲಿ ಏನಿದೆಯೋ ಅದೇ ನಮಗೂ ಕಾಣುತ್ತೆ. ಸರಿ ತಾನೆ ಅನ್ಸುತ್ತೆ ಅಲ್ವಾ, ಆದ್ರೆ ಅದ್ರರ್ಥ ನಾವು ಏನ್ ಮಾಡ್ತೀವೋ ಅದೂ ಟಿವೀಲಿ ಕಾಣುತ್ತೆ. ಆ ಕಂಪ್ಯೂಟರ್ ಮುಂದೆ ಯಾರೂ ಕೂತಿಲ್ಲ ಸರಿ, ಟಿವಿ ಮುಂದೆ ಆರ್ನೂರು ಜನ ಇದಾರೆ. ನಾನು ಲಗ್ನಪತ್ರಿಕೆ ಮಾಡೋ ರೂಢೀಲಿ ಪಿಪಿಟೀಲೂ ಹೆಸ್ರನ್ನ ನುಡಿ ಫಾಂಟಲ್ಲೇ ಟೈಪ್ ಮಾಡಿದ್ದೆ, ಅಟ್ಟದ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ, ಹೆಣ್ಣಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಬ್ರ್ಯಾಕೆಟ್ಟು, ಸೊಟ್ಟ ಗೀಟು ಎಲ್ಲಾ ಸೇರಿ ಏನೋ ಮಂತ್ರ ಬರೆದಂಗೆ ಬಂತು. ಶೋ ನಿಲ್ಲಿಸ್ದೆ, ಫಾಂಟ್ ಕಾಪಿ ಮಾಡ್ದೆ, ಇನ್‌ಸ್ಟಾಲ್ ಮಾಡ್ದೆ, ಪವರ್‌ಪಾಯಿಂಟ್ ಕ್ಲೋಸ್ ಮಾಡಿ ಓಪನ್ ಮಾಡ್ದೆ, ಇಷ್ಟನ್ನೂ ಎರಡನೇ ಪಂಕ್ತೀಲಿ ಕೂತೋರು ಪೂರಿ ಸಾಗು ತಿಂತಾ ಪೂರ್ತಿ ನೋಡಿದಾರೆ. ಅದಾದ್ರೂ ಪರ್ವಾಗಿಲ್ಲ, ಫೈಲ್ ಹುಡುಕೋಕೆ ಫೋಲ್ಡರ್ ತೆಗೆದಾಗ ಅಲ್ಲಿ ಮ್ಯಾನೇಜರ್ ಇಟ್ಕೊಂಡಿದ್ದ "ಭಾನುವಾರದ ಪಾರ್ಟಿ ಬಾಕಿ ಕೊಟ್ಟಿಲ್ಲ" ಅನ್ನೋ ಎಕ್ಸೆಲ್ ಫೈಲು 55 ಇಂಚಲ್ಲಿ ಮೆರೀತಿತ್ತು. ಆ ಭಾನುವಾರದ ಪಾರ್ಟಿ ಕಡೆಯೋರು ಒಬ್ರು ಈ ಮದ್ವೇಗೂ ಬಂದಿದ್ರಂತೆ. ತಾಲ್ಲೂಕು ಊರು ಸ್ವಾಮಿ, ಎಲ್ರೂ ಎಲ್ರಿಗೂ ನೆಂಟ್ರೇ.

ಈಗ ಅಸಲಿ ವಿಷ್ಯ. ವಿಎನ್‌ಸಿಗೆ ನಾನು ಪಾಸ್‌ವರ್ಡ್ ಇಟ್ಟಿರ್ಲಿಲ್ಲ. ಯಾಕೆ ಅಂದ್ರೆ ಮ್ಯಾನೇಜರ್ ಸಾರ್‌ಗೆ ನೆನಪಿರಲ್ಲ, ಹೆಂಗಿದ್ರೂ ಒಳಗಿನ ನೆಟ್‌ವರ್ಕು ತಾನೆ, ಹೊರಗಿಂದ ಯಾರು ಬರ್ತಾರೆ. ಒಳಗಿನ ನೆಟ್‌ವರ್ಕು ಅಂದ್ರೆ ಯಾವ್ದು? ಛತ್ರದಲ್ಲಿದ್ದಿದ್ದು ಒಂದೇ ವೈಫೈ. ಅದರ ಪಾಸ್‌ವರ್ಡು ಗಂಡಿನ ಕಡೆ ರೂಮಲ್ಲಿ, ಹೆಣ್ಣಿನ ಕಡೆ ರೂಮಲ್ಲಿ ಎ4 ಶೀಟಲ್ಲಿ ದಪ್ಪಕ್ಷರದಲ್ಲಿ ಅಂಟಿಸಿತ್ತು, ಪ್ರಿಂಟ್ ಹಾಕಿ ಲ್ಯಾಮಿನೇಷನ್ ಮಾಡಿ ಕೊಟ್ಟೋನೂ ನಾನೇ. ಒಂದಕ್ಕೆ 30 ರೂಪಾಯಿ ಇಸ್ಕೊಂಡಿದ್ದೆ.

ಒಂದು ರಿಸೆಪ್ಷನ್ನು, ಸಂಜೆ ಏಳೂವರೆ ಇರ್ಬೇಕು. ಗಂಡಿನ ಫ್ರೆಂಡ್ಸ್ ಗುಂಪಲ್ಲಿ ಒಬ್ಬ ಹುಡುಗ, ಬೆಂಗಳೂರಲ್ಲಿ ಕೆಲ್ಸ ಮಾಡೋನು, ಫೋನಲ್ಲಿ ವೈಫೈ ಹಾಕ್ಕೊಂಡು ಯಾವ್ದೋ ಸ್ಕ್ಯಾನ್ ಮಾಡೋ ಆಪಲ್ಲಿ ನೆಟ್‌ವರ್ಕಲ್ಲಿ ಏನೇನಿದೆ ನೋಡಿದಾನೆ, 5900 ಪೋರ್ಟ್ ತೆಗೆದಿರೋ ಕಂಪ್ಯೂಟರ್ ಕಂಡಿದೆ, 5900 ಅಂದ್ರೆ ವಿಎನ್‌ಸಿ ಅಂತ ಗೊತ್ತಿರೋನಿಗೆ ಗೊತ್ತೇ ಇರುತ್ತೆ, ವ್ಯೂವರ್ ಆಪ್ ಇಳಿಸ್ಕೊಂಡು ಒತ್ತಿದ್ರೆ ಪಾಸ್‌ವರ್ಡೂ ಕೇಳಲಿಲ್ಲ, ಸೀದಾ ಒಳಗೆ. ಸ್ಲೈಡ್ ಶೋ ನಿಲ್ಲಿಸಿ ನೋಟ್‌ಪ್ಯಾಡ್ ತೆಗೆದು ಫಾಂಟ್ ದೊಡ್ಡದು ಮಾಡಿ "ಮಗಾ ಇನ್ನೂ ಟೈಮ್ ಇದೆ ಯೋಚ್ನೆ ಮಾಡು" ಅಂತ ಬರೆದಿದಾನೆ. ಎರಡು ಟಿವೀಲೂ. ಫ್ರೆಂಡ್ಸ್ ಎಲ್ಲಾ ಬಿದ್ದು ಬಿದ್ದು ನಕ್ರಂತೆ. ಹೆಣ್ಣಿನ ಸೋದರಮಾವ ನಗಲಿಲ್ಲ.

ನಂಗೆ ಫೋನ್ ಬಂದಾಗ ನಾನು ಅರಸೀಕೆರೆಯಿಂದ ವಾಪಸ್ ಬರೋ ಬಸ್ಸಲ್ಲಿದ್ದೆ. ಫೋನಿಂದ್ಲೇ ಹೋಗ್ತೀನಿ ಅಂತ ಆ ಫ್ರೀ ಸಾಫ್ಟ್‌ವೇರ್ ತೆಗೆದ್ರೆ, ನೀವು ಇದನ್ನ ವ್ಯಾಪಾರಕ್ಕೆ ಬಳಸ್ತಿದೀರ ಅನ್ಸುತ್ತೆ ಅಂತ ಮೆಸೇಜ್ ತೋರಿಸಿ ಕಟ್ ಮಾಡ್ತು. ಬಳಸ್ತಿದ್ದೆ, ಅದು ಹೇಳಿದ್ದು ಸರೀನೇ, ಅವ್ರನ್ನ ಏನಂತ ಬೈಯೋದು. ಇನ್ನೊಂದ್ಸಲ ಟ್ರೈ ಮಾಡಿ ಒಳಗೆ ಹೋಗೋಷ್ಟ್ರಲ್ಲಿ ಅಲ್ಲಿ ಕರೆಂಟ್ ಹೋಯ್ತು. ಜನರೇಟರ್ ಎತ್ಕೊಳೋಕೆ ಅರ್ಧ ನಿಮಿಷ, ಕಂಪ್ಯೂಟರಿಗೆ ಯುಪಿಎಸ್ ಇಲ್ಲ, ರೂಟರಿಗೂ ಇಲ್ಲ. ಹೋಗ್ಲಿ ಒಳ್ಳೇದೇ ಆಯ್ತು ಆಫ್ ಆದ್ರೆ ನೋಟ್‌ಪ್ಯಾಡೂ ಹೋಗುತ್ತೆ ಅನ್ಕೊಂಡೆ. ಕರೆಂಟ್ ಬಂದ್ಮೇಲೆ ಕಂಪ್ಯೂಟರ್ ತಾನಾಗೇ ಆನ್ ಆಗೋ ಹಂಗೆ ಬಯಾಸಲ್ಲಿ (ವಿಂಡೋಸ್ ಶುರುವಾಗೋಕ್ ಮುಂಚಿನ ಸೆಟ್ಟಿಂಗು) ನಾನೇ ಸೆಟ್ ಮಾಡಿದ್ದೆ, ಸ್ಟಾರ್ಟಪ್ಪಲ್ಲಿ ಶೋ ಓಡೋ ಹಂಗೂ ಇಟ್ಟಿದ್ದೆ, ಇದೊಂದಾದ್ರೂ ನೆಟ್ಟಗೆ ಮಾಡಿದ್ದೆ ಅಂತ ಖುಷಿ ಪಟ್ಟೆ. ಆದ್ರೆ ಸ್ಟಾರ್ಟಪ್ಪಲ್ಲಿ ಇದ್ದಿದ್ದು ಹಿಂದಿನ ವಾರದ ಫೈಲು. ರಿಸೆಪ್ಷನ್ ನಡೀತಿರೋ ಛತ್ರದ ಬಾಗಿಲಲ್ಲಿ ಬೇರೆ ಯಾರ್ದೋ ಗಂಡು ಬೇರೆ ಯಾರ್ದೋ ಹೆಣ್ಣು ಕೈ ಹಿಡ್ಕೊಂಡು ಸುಸ್ವಾಗತ ಅಂದ್ರು. ನನಗೆ ಒಳಗೆ ಹೋಗಕ್ಕೂ ಆಗ್ಲಿಲ್ಲ ಯಾಕಂದ್ರೆ ರೂಟರ್ ಹೊಸದಾಗಿ ಐಪಿ ಹಂಚಿ ಅಟ್ಟದ ಕಂಪ್ಯೂಟರ್ ಐಪಿ ಬದಲಾಗಿತ್ತು, ನಾನು ಬರ್ಕೊಂಡಿದ್ದ ಐಪೀಲಿ ಈಗ ಯಾರ್ದೋ ಫೋನ್ ಇತ್ತು.

ಟಿವಿ ಆಫ್ ಮಾಡಿ ಸಾರ್ ಅಂದೆ. ಟಿವಿ ರಿಮೋಟ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಟಿವಿ ಬಟನ್ನು ಹಿಂದ್ಗಡೆ, ಪ್ಲಗ್ಗು ಅಟ್ಟದಲ್ಲಿ, ಏಣಿ ಡೆಕೋರೇಷನ್ ಹುಡುಗ್ರು ತಗೊಂಡು ಹೋಗಿದಾರೆ. ಕೊನೆಗೆ ಊಟದ ಹಾಲಿಂದ ಒಂದು ಟೇಬಲ್ ಕ್ಲಾತ್ ತಂದು ಬಾಗಿಲ ಟಿವಿ ಮೇಲೆ ಹಾಕಿದ್ರಂತೆ. ಬೆಳಿಗ್ಗೆ ಧಾರೆ ಮುಗಿಯೋವರ್ಗೂ ಅದು ಹಂಗೇ ಇತ್ತು.

ಆ ಹುಡುಗ ಮೂರು ವಾರ ಬಿಟ್ಟು ನನ್ನ ಅಂಗಡಿಗೇ ಫೋಟೋ ಪ್ರಿಂಟ್ ಹಾಕ್ಸೋಕೆ ಬಂದಿದ್ದ, ತಾನೇ ಹೇಳ್ಕೊಂಡ, ಸಾರಿ ಅಣ್ಣ ಅಂದ. ಬೈಯೋಣ ಅಂತಿದ್ದೆ, ಪಾಸ್‌ವರ್ಡ್ ಯಾಕ್ ಇಟ್ಟಿರ್ಲಿಲ್ಲ ಅಣ್ಣ ಅಂತ ಕೇಳಿದ, ಸುಮ್ನಾದೆ. ಪಾಸ್‌ವರ್ಡ್ ಇಟ್ರೂ ಹಳೇ ನಮೂನೆ ವಿಎನ್‌ಸಿಲಿ ಮೊದಲ ಎಂಟು ಅಕ್ಷರ ಮಾತ್ರ ಲೆಕ್ಕಕ್ಕೆ ಬರೋದು, ಸ್ಕ್ರೀನಲ್ಲಿ ಹೋಗಿಬರೋದು ಎನ್‌ಕ್ರಿಪ್ಟೂ ಆಗಲ್ಲ ಅಂತ ಅವನೇ ಹೇಳ್ಕೊಟ್ಟ. ಫೋಟೋಗೆ ದುಡ್ಡು ಇಸ್ಕೊಂಡೆ, ಅದ್ರಲ್ಲೇನು.

ಈಗ ಹೆಂಗೆ ಮಾಡಿದೀನಿ ಅಂದ್ರೆ, ಮೊದ್ಲು ಪಿಪಿಟಿ ಆಚೆಗೆ. ಸ್ಲೈಡನ್ನೆಲ್ಲಾ ಅಂಗಡೀಲೇ ಜೆಪಿಜಿ ಫೋಟೋ ಮಾಡ್ತೀನಿ, ಫಾಂಟ್ ಗಲಾಟೆ ಅಲ್ಲೇ ಮುಗೀತು, ನುಡಿನಾದ್ರೂ ಇರ್ಲಿ ಯುನಿಕೋಡಾದ್ರೂ ಇರ್ಲಿ. ಪವರ್‌ಪಾಯಿಂಟಿಂದ ಸುಮ್ನೆ ಎಕ್ಸ್‌ಪೋರ್ಟ್ ಮಾಡಿದ್ರೆ 1280 x 720 ಸೈಜಲ್ಲಿ ಬರುತ್ತೆ, ದೊಡ್ಡ ಟಿವೀಲಿ ಮಂಕಾಗಿ ಕಾಣುತ್ತೆ, ಅದನ್ನ 1920 x 1080 ಮಾಡ್ಕೊಳ್ಳಿ. ಅಟ್ಟದಲ್ಲಿ ವಿಂಡೋಸ್ ಕಂಪ್ಯೂಟರ್ ತೆಗೆದು ಒಂದು ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಇಟ್ಟೆ, ಅದ್ರಲ್ಲಿ ಫೆಹ್ ಅಂತ ಒಂದು ಪುಟ್ಟ ಪ್ರೋಗ್ರಾಮು ಒಂದು ಫೋಲ್ಡರಲ್ಲಿರೋ ಫೋಟೋಗಳನ್ನ ಎಂಟೆಂಟು ಸೆಕೆಂಡಿಗೆ ತೋರಿಸ್ತಾ ಇರುತ್ತೆ, ರೀಲೋಡ್ ಆಪ್ಷನ್ ಹಾಕಿದ್ರೆ ಆಗಾಗ ಫೋಲ್ಡರ್ ಮತ್ತೆ ಓದ್ಕೊಳುತ್ತೆ, ಮೌಸ್ ಬಾಣಾನೂ ಮುಚ್ಚಿಡುತ್ತೆ. ನಾನು ಆ ಕಂಪ್ಯೂಟರ್ ಒಳಗೆ ಹೋಗೋದೇ ಇಲ್ಲ. ನಾನು ನನ್ನ ಕಡೆ ಫೋಲ್ಡರಲ್ಲಿ ಫೋಟೋ ಹಾಕ್ತೀನಿ, ಆ ಪೈನೇ ಐದೈದು ನಿಮಿಷಕ್ಕೆ ಆರ್‌ಸಿಂಕ್ ಅನ್ನೋ ಫೈಲ್ ಕಾಪಿ ಮಾಡೋ ಪ್ರೋಗ್ರಾಮಲ್ಲಿ ಬಂದು ಎಳ್ಕೊಂಡು ಹೋಗುತ್ತೆ. ಅದು ಹೊರಗೆ ಬಂದು ಕೇಳೋದ್ರಿಂದ ಅಲ್ಲಿ ಯಾವ ಪೋರ್ಟೂ ತೆಗೆಯೋದ್ ಬೇಡ, ಐಪಿ ಏನಾದ್ರೂ ಆಗ್ಲಿ ನಂಗೇನು. ಕೈಯಲ್ಲಿ ಕಾಪಿ ಮಾಡೋರಿಗೆ ಒಂದು ಮಾತು, ದೊಡ್ಡ ಫೋಟೋ ಅರ್ಧ ಕಾಪಿ ಆಗಿರೋವಾಗ ಶೋ ಅದನ್ನ ಎತ್ಕೊಂಡ್ರೆ ಗಂಡಿನ ತಲೆ ಬಂದು ಕೆಳಗೆಲ್ಲಾ ಬೂದಿ ಬಣ್ಣ ಬರುತ್ತೆ, ಬೇರೆ ಹೆಸ್ರಲ್ಲಿ ಕಾಪಿ ಮಾಡಿ ಮುಗಿದ್ಮೇಲೆ ಹೆಸ್ರು ಬದಲಾಯಿಸಿ, ಆರ್‌ಸಿಂಕ್ ಅದನ್ನ ತಾನೇ ಮಾಡುತ್ತೆ.

ಪೈನಲ್ಲೂ ತಾಪತ್ರಯ ಇಲ್ಲ ಅಂತಲ್ಲ. ಪದೇ ಪದೇ ಕರೆಂಟ್ ಹೋಗಿ ಮೆಮೊರಿ ಕಾರ್ಡ್ ಒಂದ್ಸಲ ಕೆಟ್ಟಿದೆ, ಅದಕ್ಕೇ ಈಗ ಒಂದು ಸಣ್ಣ ಯುಪಿಎಸ್, ಇನ್ನೊಂದು ಕಾರ್ಡಲ್ಲಿ ಎಲ್ಲಾ ಕಾಪಿ ಮಾಡಿ ಮ್ಯಾನೇಜರ್ ಟೇಬಲ್ ಡ್ರಾಯರಲ್ಲಿ ಇಟ್ಟಿದೀನಿ. ವೈಫೈನ ಎರಡು ಮಾಡಿದೀನಿ, ನೆಂಟ್ರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ, ಅಲ್ಲಿಂದ ಟಿವಿ ಕಂಪ್ಯೂಟರ್ ಕಾಣಲ್ಲ, ಗೋಡೆ ಶೀಟುಗಳನ್ನ ಹೊಸದಾಗಿ ಪ್ರಿಂಟ್ ಹಾಕಿ ಕೊಟ್ಟೆ, ಈ ಸಲ ದುಡ್ಡು ಕೇಳೋ ಮುಖ ಇರ್ಲಿಲ್ಲ. ಫೋಲ್ಡರ್ ಖಾಲಿ ಇದ್ರೆ ಬರೀ ಗಣಪತಿ ಫೋಟೋ ಬರೋ ಹಂಗೆ ಮಾಡಿದೀನಿ, ಪ್ರತಿ ಮದ್ವೆ ಮುಗಿದ ರಾತ್ರಿ ಫೋಲ್ಡರ್ ತಾನೇ ಖಾಲಿ ಆಗುತ್ತೆ, ಬೇರೆಯೋರ ಗಂಡು ಹೆಣ್ಣು ಮಾತ್ರ ಇನ್ಯಾವತ್ತೂ ಬರ್ಬಾರ್ದು.

ಟಿವಿ ಎರಡರ ಪ್ಲಗ್ಗನ್ನೂ ಎಲೆಕ್ಟ್ರಿಷಿಯನ್ ಕರೆಸಿ ಅಟ್ಟದಿಂದ ಕೆಳಗೆ ಕೈಗೆ ಸಿಗೋ ಕಡೆ ಇಳಿಸಿ ಸ್ವಿಚ್ಚಿಗೆ ಕೆಂಪು ಟೇಪ್ ಸುತ್ತಿಸಿದೀನಿ, ಬಿಲ್ಲು 650 ಆಯ್ತು, ನಾನೇ ಕೊಟ್ಟೆ. ವಾಚ್‌ಮನ್ ಅಣ್ಣಂಗೆ ಹೇಳಿದೀನಿ, ಟಿವೀಲಿ ಗಂಡು ಹೆಣ್ಣು ಗಣಪತಿ ಈ ಮೂರು ಬಿಟ್ಟು ಬೇರೆ ಏನಾದ್ರೂ ಕಂಡ್ರೆ ನಂಗೆ ಫೋನ್ ಮಾಡೋಕ್ ಮುಂಚೆ ಅದನ್ನ ಒತ್ತು ಅಂತ.