ಮೂರು ಈಡಿನ ವಿಮರ್ಶೆ, ಹತ್ತು ಈಡಿನ ಲೆಕ್ಕ

ಟಾರ್ಗೆಟ್ ಮೇಲೆ ನನ್ನ ಮೊದಲ ಮೂರು ಈಡಿನ ತೂತುಗಳು ಒಂದಕ್ಕೊಂದು ತಾಗಿಕೊಂಡೇ ಬಿದ್ದಿದ್ದವು. ದೂರ 100 ಮೀಟರ್, ತೋಟಾ 7 ಎಂಎಂ ಪಿಆರ್‌ಸಿ ಅನ್ನುವ ಹೊಸ ಬಗೆಯದು, ಹರವು (ಅತಿ ದೂರದ ಎರಡು ತೂತುಗಳ ನಡುವಿನ ಅಂತರ) ಬರೀ 16 ಮಿ.ಮೀ. ಅಲ್ಲೇ ನಿಲ್ಲಿಸಿ ಫೋಟೊ ತೆಗೆದಿದ್ದರೆ ನನ್ನ ಕೈಯಲ್ಲೂ ಒಂದು ಭರ್ಜರಿ ವಿಮರ್ಶೆ ಇರುತ್ತಿತ್ತು. ನಾನು ನಿಲ್ಲಿಸಲಿಲ್ಲ. ಅದೇ ಟಾರ್ಗೆಟ್ ಮೇಲೆ ಇನ್ನೂ ಏಳು ಹೊಡೆದೆ. ಹತ್ತು ಮುಗಿಯುವಾಗ ಹರವು 38 ಮಿ.ಮೀ. ಆಗಿತ್ತು. ಕೋವಿಯದ್ದೂ ತಪ್ಪಲ್ಲ, ತೋಟಾದ್ದೂ ಅಲ್ಲ. ಲೆಕ್ಕವೇ ಹಾಗೆ. ಒಂದೇ ಕೋವಿಯಿಂದ ಹೊಡೆದರೂ ಹತ್ತು ಈಡಿನ ಗುಂಪು ಮೂರು ಈಡಿನ ಗುಂಪಿಗಿಂತ ಸರಾಸರಿ ಒಂದೂವರೆ ಪಟ್ಟು ದೊಡ್ಡದಾಗಿ ಬರುತ್ತದೆ. ನನಗೆ ಮೊದಲ ಮೂರರಲ್ಲಿ ಅದೃಷ್ಟವೂ ಸ್ವಲ್ಪ ಜಾಸ್ತಿ ಇತ್ತು.

ಹೊಸ ತೋಟಾ ಬಂದಾಗಲೆಲ್ಲ ಬರುವ ಹೊಗಳಿಕೆಗಳನ್ನು ಓದಿ ಓದಿ ನನಗೆ ಅನುಮಾನ ಹುಟ್ಟಿತ್ತು. ವಿಮರ್ಶೆ ಬರೆಯುವವರ ಕೈಗೆ ಸಿಗುವ ಕೋವಿ ತಯಾರಕರದು, ತೋಟಾ ತಯಾರಕರದು, ಅವರನ್ನು ಶಿಕಾರಿಗೆ ಕರೆದುಕೊಂಡು ಹೋಗುವವರೂ ತಯಾರಕರೇ. ಹೀಗಿರುವಾಗ ಮೂರೇ ಈಡು ಹೊಡೆದು ‘ಇದು ಬೇರೆಯೇ ಲೋಕ’ ಅಂತ ಬರೆದರೆ ಅದನ್ನು ಜಾಹೀರಾತು ಅಂತಲೇ ಓದಬೇಕು, ಅಲ್ವಾ? ಹಾಗಾಗಿ ಮೂರು ತೋಟಾಗಳನ್ನು ನಾನೇ ಹೊಡೆದು ನೋಡಿದೆ. 1952ರ .308 ವಿಂಚೆಸ್ಟರ್, 2007ರ 6.5 ಕ್ರೀಡ್‌ಮೋರ್, 2022ರ 7 ಎಂಎಂ ಪಿಆರ್‌ಸಿ. ಮೊದಲೆರಡು ಕೋವಿ ನನ್ನವು, ಮೂರನೆಯದು ಗೆಳೆಯನದು. ತೋಟಾ ಎಲ್ಲ ನನ್ನ ದುಡ್ಡಿನವು.

100 ಮೀಟರಿನಲ್ಲಿ ಹತ್ತು ಈಡಿನ ಲೆಕ್ಕ ಹೀಗಿತ್ತು: .308ಕ್ಕೆ 34 ಮಿ.ಮೀ., ಕ್ರೀಡ್‌ಮೋರ್‌ಗೆ 31, ಪಿಆರ್‌ಸಿಗೆ ಆ 38. ಇನ್ನೊಂದು ದಿನ ಹೊಡೆದರೆ ಈ ಸಾಲು ತಿರುಗುಮುರುಗು ಆದರೂ ಆಶ್ಚರ್ಯವಿಲ್ಲ. ಇದರಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ.

ಇನ್ನು ವೇಗ. ಡಬ್ಬದ ಮೇಲಿನ ಅಂಕಿಯನ್ನು ಸಾಮಾನ್ಯವಾಗಿ 24 ಇಂಚಿನ ನಳಿಗೆಯಲ್ಲಿ ಅಳೆದಿರುತ್ತಾರೆ. ನನ್ನ ಕ್ರೀಡ್‌ಮೋರ್‌ನ ನಳಿಗೆ 22 ಇಂಚು. 143 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ ಡಬ್ಬ ಹೇಳಿದ್ದು ಸೆಕೆಂಡಿಗೆ 2700 ಅಡಿ, ವೇಗ ಅಳೆಯುವ ನನ್ನ ಕ್ರೋನೋಗ್ರಾಫ್ ತೋರಿಸಿದ್ದು 2640ರ ಆಸುಪಾಸು. ಮೋಸ ಏನಿಲ್ಲ, ನಳಿಗೆ ಒಂದು ಇಂಚು ಕುಗ್ಗಿದರೆ 20ರಿಂದ 30 ಅಡಿ ವೇಗ ಹೋಗುವುದು ಮಾಮೂಲು. ಆದರೆ ಹೊಸ ತೋಟಾಕ್ಕೆ ಉದ್ದ ನಳಿಗೆ, ಹಳೆಯದಕ್ಕೆ ಗಿಡ್ಡ ನಳಿಗೆ ಇಟ್ಟು ‘ವೇಗ ನೋಡಿ’ ಅಂದರೆ ಅದು ನಳಿಗೆಯ ಹೋಲಿಕೆ, ತೋಟಾದ್ದಲ್ಲ.

ಇದಕ್ಕಿಂತ ದೊಡ್ಡ ಕೈಚಳಕ ಗುಂಡಿನಲ್ಲಿದೆ. ನಾನೂ ಆ ಆಟ ಆಡಿ ನೋಡಿದೆ. .308ರಲ್ಲಿ ಮೊದಲು ಮೊಂಡು ಮೂತಿಯ, ಚಪ್ಪಟೆ ತಳದ ಹಳೇ ಮಾದರಿ ಗುಂಡು ಹಾಕಿದೆ. ಕ್ರೀಡ್‌ಮೋರ್‌ನಲ್ಲಿ ಚೂಪು ಮೂತಿಯ ಉದ್ದನೆಯ ಗುಂಡು. 300 ಮೀಟರಿನಲ್ಲಿ .308 ಪಾಪದ್ದು ಅನ್ನಿಸಿತು. ಆಮೇಲೆ ಅದಕ್ಕೂ ಚೂಪು ಮೂತಿಯ ಒಳ್ಳೆ ಗುಂಡು ಹಾಕಿದೆ. ಎರಡು ಕೋವಿಯ ಗುರಿಯನ್ನೂ 200 ಮೀಟರಿಗೆ ಹೊಂದಿಸಿ 300ರಲ್ಲಿ ಹೊಡೆದರೆ ಗುಂಡು ಇಳಿಯುವುದರಲ್ಲಿ ಎರಡು ಬೆರಳಿನಷ್ಟು ವ್ಯತ್ಯಾಸ. ಪಿಆರ್‌ಸಿ ಜೊತೆ ಹೋಲಿಸಿದರೆ ಒಂದು ಅಂಗೈ ಅಗಲ. ಅಷ್ಟಕ್ಕೆ ಒಂದು ಹೊಸ ಕೋವಿ!

ಹಾಗಂತ ಹೊಸದೆಲ್ಲ ಬರೀ ಬಣ್ಣ ಅಂತಲ್ಲ. 500 ಮೀಟರಿಗೆ ಹೋದಾಗ ಅಡ್ಡಗಾಳಿ .308ರ ಗುಂಡನ್ನು ತಳ್ಳಿದ್ದರ ಸುಮಾರು ಅರ್ಧದಷ್ಟೇ ಪಿಆರ್‌ಸಿಯ ಗುಂಡನ್ನು ತಳ್ಳಿತು. ಕ್ರೀಡ್‌ಮೋರ್ ನಡುವೆ ನಿಂತಿತು. ಈ ಹೊಸ ತೋಟಾಗಳನ್ನು ಉದ್ದ ಗುಂಡಿಗೆಂದೇ ರೂಪಿಸಿದ್ದಾರೆ. ಉದ್ದ ಗುಂಡು ನೆಟ್ಟಗೆ ಹಾರಬೇಕಾದರೆ ನಳಿಗೆಯೊಳಗೆ ಗುಂಡನ್ನು ಗಿರಗಿರ ತಿರುಗಿಸುವ ಸುರುಳಿ ಗೀರು ಬಿಗಿಯಾಗಿರಬೇಕು. ಕ್ರೀಡ್‌ಮೋರ್‌ನಲ್ಲಿ ಸಾಮಾನ್ಯವಾಗಿ 8 ಇಂಚಿಗೆ ಒಂದು ಸುತ್ತು, .308ರಲ್ಲಿ 10 ಅಥವಾ 12 ಇಂಚಿಗೆ ಒಂದು.

ಸುರುಳಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೇ ಕತೆ ಇದೆ. 1955ರಲ್ಲಿ .243 ವಿಂಚೆಸ್ಟರ್, .244 ರೆಮಿಂಗ್ಟನ್ ಎರಡೂ ಬಂದವು. ಗುಂಡಿನ ದಪ್ಪ ಒಂದೇ. ಆದರೆ .244ರ ಸುರುಳಿ 12 ಇಂಚಿಗೆ ಒಂದು ಸುತ್ತು, .243ರದ್ದು 10ಕ್ಕೆ. ಜಿಂಕೆ ಹೊಡೆಯಲು ಭಾರದ, ಅಂದರೆ ಉದ್ದದ ಗುಂಡು ಬೇಕಾದವರು .243ರ ಕಡೆ ಹೋದರು. ಆಮೇಲೆ ಸುರುಳಿಯನ್ನು ಬಿಗಿ ಮಾಡಿದರು, 1963ರಲ್ಲಿ .244ಕ್ಕೆ 6 ಎಂಎಂ ರೆಮಿಂಗ್ಟನ್ ಅಂತ ಹೆಸರನ್ನೂ ಬದಲಿಸಿದರು. ಹೋದವರು ವಾಪಸ್ ಬರಲಿಲ್ಲ. ಅಂದಹಾಗೆ ಉದ್ದನೆಯ 6.5 ಗುಂಡೂ ಹೊಸದಲ್ಲ. 1890ರ ದಶಕದ 6.5×55 ಸ್ವೀಡಿಷ್ ತೋಟಾದಲ್ಲಿ ಸ್ವೀಡನ್, ನಾರ್ವೆಯ ಶಿಕಾರಿಗಳು ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಮೂಸ್ ಅನ್ನುವ ಭಾರೀ ಜಿಂಕೆಯನ್ನು ಹೊಡೆಯುತ್ತಿದ್ದಾರೆ.

ಆದರೆ ನಾನು ಮಿಗದ ಮೇಲೆ 500 ಮೀಟರಿನಿಂದ ಹೊಡೆಯುವವನಲ್ಲ. ಅದಕ್ಕೇ ಇಲ್ಲಿವರೆಗೆ ಕೋವಿ ಇಟ್ಟು ಹೊಡೆದಿದ್ದ ಬೆಂಚು ಬಿಟ್ಟು, ನೆಲದಲ್ಲಿ ಕೂತು, ಮೊಣಕೈ ಮಂಡಿಗೆ ಊರಿ 200 ಮೀಟರಿನಲ್ಲಿ ಹೊಡೆದೆ. ನನ್ನ ಮಟ್ಟಿಗೆ ನಿಜವಾದ ಫಲಿತಾಂಶ ಸಿಕ್ಕಿದ್ದು ಇಲ್ಲೇ. ಕ್ರೀಡ್‌ಮೋರ್ ಗುಂಪು 12 ಸೆಂ.ಮೀ., .308 ಗುಂಪು 15, ಪಿಆರ್‌ಸಿ 21. ಒಂದೇ ತೂಕದ ಕೋವಿಯಲ್ಲಿ ಪಿಆರ್‌ಸಿ ಕ್ರೀಡ್‌ಮೋರ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಒದೆಯುತ್ತದೆ. ಬೆಂಚಿನ ಮೇಲೆ ಮರಳಿನ ಚೀಲ ಇದ್ದಾಗ ಅದು ಅಷ್ಟಾಗಿ ಗೊತ್ತಾಗಿರಲಿಲ್ಲ. ಇಲ್ಲಿ ಐದನೇ ಈಡಿಗೆ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ನನ್ನ ಕಣ್ಣು ಮುಚ್ಚುತ್ತಿತ್ತು. ದುಡ್ಡು ಪಡೆದು ಬರೆದ ವಿಮರ್ಶೆಗಳಲ್ಲಿ ಒದೆತಕ್ಕೆ ಸಿಗುವುದು ಒಂದೇ ಸಾಲು: ‘ನಿಭಾಯಿಸಬಹುದು.’ ಯಾರು, ಎಷ್ಟು ಈಡು ನಿಭಾಯಿಸಬಹುದು ಅಂತ ಹೇಳುವುದಿಲ್ಲ.

ಇನ್ನೊಂದು ಮಾತನ್ನೂ ಅವರು ಬರೆಯುವುದಿಲ್ಲ: ಹತ್ತು ವರ್ಷ ಬಿಟ್ಟು ಈ ತೋಟಾ ಸಿಗುತ್ತದೆಯೇ? 2007ರಲ್ಲೇ .30 ಟಿಸಿ ಅಂತಲೂ ಒಂದು ಬಂದಿತ್ತು. ಅದರ ಹಿತ್ತಾಳೆ ಕೇಸಿನಿಂದಲೇ ಕ್ರೀಡ್‌ಮೋರ್ ಹುಟ್ಟಿದ್ದು. ಮಗ ಎಲ್ಲ ಕಡೆ ಇದ್ದಾನೆ, ಅಪ್ಪನನ್ನು ಹುಡುಕಬೇಕು. ಇಬ್ಬರಲ್ಲಿ ಯಾರು ಉಳಿಯುತ್ತಾರೆ ಅಂತ ಮೊದಲ ವರ್ಷ ಹೇಳುವುದು ಯಾರಿಗೂ ಸುಲಭವಿರಲಿಲ್ಲ.

ಪಿಆರ್‌ಸಿಯನ್ನು ಗೆಳೆಯನಿಗೆ ವಾಪಸ್ ಕೊಟ್ಟೆ, ಉಳಿದಿದ್ದ ತೋಟಾಗಳ ಸಮೇತ. ಶಿಕಾರಿಗೆ ಹೋಗುವಾಗ ಈಗ ಹೆಗಲಿಗೇರುವುದು ಕ್ರೀಡ್‌ಮೋರ್. .308 ಮಾರಿಬಿಡೋಣ ಅಂತಿದ್ದೆ, ಆ ಯೋಚನೆ ಬಿಟ್ಟಿದ್ದೇನೆ. ಅದರ ಮೊಂಡು ಗುಂಡುಗಳನ್ನು ಮಾತ್ರ ಸುಮ್ನೆ ತಗಡಿನ ಡಬ್ಬಕ್ಕೆ ಹೊಡೆದು ಮುಗಿಸುತ್ತಿದ್ದೇನೆ.